ಎಡಗೈ ಸೊಸೆಯ ಕಥೆ

ನಮ್ಮ ಕಡೆ ಹೆಂಗಸರು ಶುಕ್ರವಾರದ ಉಪವಾಸವನ್ನು ಕಥೆ ಕೇಳಿದ ಮೇಲೆಯೇ ಬಿಡುತ್ತಾರೆ. ಕೇಳುವವರು ಮುಷ್ಟಿಯಲ್ಲಿ ಒಂದಿಷ್ಟು ಜೋಳದ ಕಾಳು ಹಿಡಿದು ಕೂಡುತ್ತಾರೆ. ಕಥೆ ಮುಗಿಯುವ ತನಕ ಮುಷ್ಟಿ ಬಿಚ್ಚುವಂತಿಲ್ಲ, ನಡುವೆ ಎದ್ದು ಹೋಗುವಂತಿಲ್ಲ. ಮುಗಿದ ಮೇಲೆ ಕಾಳನ್ನು ದೀಪದ ಮುಂದೆ ಹಾಕಿ, ಕೈ ಮುಗಿದು, ಆಮೇಲೆ ಊಟ. ಕೇಳುವವರಲ್ಲಿ ಒಬ್ಬಳಾದರೂ ನಡುನಡುವೆ ‘ಹೂಂ’ ಅನ್ನಬೇಕು. ಹೂಂ ಅನ್ನುವವರಿಲ್ಲದಿದ್ದರೆ ಕಥೆ ನಿಂತಲ್ಲೇ ನಿಲ್ಲುತ್ತದೆ.

ನನ್ನ ಕಥೆ ಜಹೀರಾಬಾದಿನ ರಸ್ತೆಯ ಮೇಲೆ ಅರ್ಧಕ್ಕೆ ನಿಂತಿತು. ಕಾಳು ಹಿಡಿದು ಕೂತವರಲ್ಲಿ ನನ್ನ ತಂಗಿಯೂ ಇದ್ದಳು. ಅದನ್ನು ಬರೆಯಬೇಕೆಂದು ಕೂತಿದ್ದೇನೆ. ಕಥೆಯಿಂದ ಶುರು ಮಾಡಬೇಕೋ ತಂಗಿಯಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಎರಡರಲ್ಲಿ ಯಾವುದು ಯಾವುದರೊಳಗೆ ಹೋಯಿತು ಎನ್ನುವುದೇ ನನಗೆ ಸರಿಯಾಗಿ ಗೊತ್ತಿಲ್ಲ.

ಕಥೆ ನಮ್ಮ ಅಜ್ಜಿಯದು. ಅಜ್ಜಿಯ ತವರು ಕಲ್ಹೇರಿನ ಕಡೆಯ ಒಂದು ಹಳ್ಳಿ, ನಮ್ಮ ಊರು ಮನೂರಿನ ಹತ್ತಿರ; ಎರಡೂ ತೆಲಂಗಾಣದ ಗಡಿಯವು, ಆದರೂ ಮನೆಮಾತು ಕನ್ನಡ. ನಾನು ನಾಲ್ಕನೆಯ ತರಗತಿವರೆಗೆ ಓದಿದೆ. ಕನ್ನಡ ಕಲಿಸುತ್ತಿದ್ದ ಮಾಸ್ತರರಿಗೆ ವರ್ಗವಾಯಿತು, ಇನ್ನೊಬ್ಬರು ಬರಲಿಲ್ಲ, ನಾನು ಹೊಲಕ್ಕೆ ಹೋಗತೊಡಗಿದೆ. ಓದಿದ್ದು ಕಡಿಮೆಯಾದರೂ ಒಮ್ಮೆ ಕೇಳಿದ್ದು ನನ್ನ ತಲೆಯಿಂದ ಹೋಗುತ್ತಿರಲಿಲ್ಲ. ಹಾಗಾಗಿ ಅಜ್ಜಿಯ ಕಥೆ ನನ್ನ ಪಾಲಿಗೆ ಬಂತು.

ಅಜ್ಜಿ ಹೇಳುತ್ತಿದ್ದುದು ಹೀಗೆ. ಒಂದು ಮನೆಯಲ್ಲಿ ಇಬ್ಬರು ಸೊಸೆಯರು. ಶುಕ್ರವಾರ ದೇವಿ ಮುದುಕಿಯ ವೇಷದಲ್ಲಿ ಬಂದು ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ದೊಡ್ಡ ಸೊಸೆ ಕಾಳು ಹಿಡಿದು ಪೂರ್ತಿ ಕೇಳುತ್ತಾಳೆ. ಸಣ್ಣ ಸೊಸೆ ನಡುವೆಯೇ ಎದ್ದು ಹೋಗುತ್ತಾಳೆ, ಯಾಕೆಂದರೆ ಜೋಳದ ತೆನೆಗೆ ಹಕ್ಕಿ ಬಿದ್ದಿರುತ್ತವೆ. ಆಕೆ ಕವಣೆ ಬೀಸಿ ತಿರುಗಿ ಬರುವಷ್ಟರಲ್ಲಿ ಆಕೆಯ ಕೂಸಿನ ದನಿ ಹೋಗಿರುತ್ತದೆ. ಆಮೇಲೆ ಆಕೆ ಮುದುಕಿಯನ್ನು ಹುಡುಕಿಕೊಂಡು ಊರೂರು ಅಲೆಯುತ್ತಾಳೆ. ಕೊನೆಗೆ ಸಿಕ್ಕಾಗ ಮುದುಕಿ ಕೇಳುತ್ತಾಳೆ: “ನನ್ನ ಕಥಿ ನಡುವ ಬಿಟ್ಟು ಹೋದಾಕಿ ಯಾರು?” ಸಣ್ಣ ಸೊಸೆ ಕಾಲಿಗೆ ಬಿದ್ದು ತಪ್ಪೊಪ್ಪಿಕೊಳ್ಳುತ್ತಾಳೆ, ಬಿಟ್ಟ ಕಥೆಯನ್ನು ಕೇಳುತ್ತಾಳೆ, ಕೂಸು “ಅವ್ವಾ” ಅನ್ನುತ್ತದೆ.

ಮದುವೆಯಾಗಿ ಜಹೀರಾಬಾದಿಗೆ ಬಂದೆ. ನನ್ನ ಗಂಡ ಬಸ್ ಕಂಡಕ್ಟರ್. ನಮ್ಮ ಓಣಿಯಲ್ಲಿ ಎಲ್ಲರೂ ನೌಕರಿ ಮಾಡುವವರ ಹೆಂಡಂದಿರು, ಹೊಲ ಬಿಟ್ಟು ಒಂದು ತಲೆಮಾರು ಕಳೆದವರು. ಅಲ್ಲಿ ಮೊದಲ ಸಲ ಕಥೆ ಹೇಳಿದಾಗ ಹಕ್ಕಿಯ ಜಾಗಕ್ಕೆ ಬಂದೊಡನೆ ಒಬ್ಬಳು, “ಹಕ್ಕಿ ಓಡಸಾಕ ಆಳು ಇರಲಿಲ್ಲೇನ್ರಿ?” ಅಂದಳು. ಎಲ್ಲರೂ ನಕ್ಕರು. ಮುಂದಿನ ವಾರ ನನ್ನ ಕಥೆಯಲ್ಲಿ ಸಣ್ಣ ಸೊಸೆ ಪಕ್ಕದ ಮನೆಗೆ ಟಿವಿ ನೋಡಲು ಎದ್ದು ಹೋದಳು. ಈಗ ಎಲ್ಲರೂ ಹೂಂ ಅಂದರು. ದೇವಿಯೂ ಬದಲಾದಳು. ಅಜ್ಜಿಯ ಮುದುಕಿ ಎಲೆ ಅಡಿಕೆ ಕೇಳುತ್ತಿದ್ದಳು, ಬೈಯುತ್ತಿದ್ದಳು. ನಮ್ಮ ಓಣಿಯವರಿಗೆ ಮೈತುಂಬ ಒಡವೆ ಇಟ್ಟ ಲಕ್ಷ್ಮಿ ಬೇಕಿತ್ತು, ಅವಳನ್ನೇ ತಂದೆ. ಇದು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ಊರು ಬದಲಾದರೆ ಕಥೆಯ ಮಂದಿಯೂ ಬದಲಾಗುತ್ತಾರೆ ಎಂದುಕೊಂಡೆ.

ಪಕ್ಕದ ಮನೆಯ ಬೀಬಿ ಗೋಡೆಯ ಆಚೆ ನಿಂತು ಕೇಳುತ್ತಿದ್ದಳು. ಹೂಂ ಅನ್ನುವ ಬದಲು “ಫಿರ್ ಕ್ಯಾ ಹುವಾ, ಮುಂದೇನಾತು?” ಅನ್ನುತ್ತಿದ್ದಳು. ಒಮ್ಮೆ ಆಕೆ ಕೇಳಿದಳು: “ತಪ್ಪು ಅವ್ವಂದು, ಸಜಾ ಬಚ್ಚಿಗೆ ಯಾಕ? ನಮ್ಮಲ್ಲಿ ಆದ್ರ ತೌಬಾ ಮಾಡಿ ಮಾಫಿ ಕೇಳಿದ್ರ ಖತಂ. ಕೂಸಿನ ತಂಟೆಗೇ ಹೋಗಲ್ಲ.” ನಾನು, “ಅದು ಕಥಿ ಇರೋದೇ ಹಂಗ ಬೀಬಿ,” ಅಂದೆ. ಹಕ್ಕಿಯನ್ನು ತೆಗೆದು ಟಿವಿ ಇಟ್ಟವಳು ನಾನೇ, ಆದರೂ ಹಾಗಂದೆ.

ಇನ್ನು ತಂಗಿ. ಆಕೆ ಎಡಚಿ. ಸಣ್ಣವಳಿದ್ದಾಗ ಎಡಗೈಯಲ್ಲಿ ಪ್ರಸಾದ ತಗೊಂಡಳೆಂದು ಅವ್ವ ಒಂದು ಹಳೆಯ ಸೀರೆಯ ತುಂಡಿನಿಂದ ಆ ಕೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು. ಬಿಚ್ಚಿಕೊಳ್ಳದಂತೆ ನೋಡುವುದು ನನ್ನ ಕೆಲಸ. ಆಕೆ ಅಳುತ್ತಿರಲಿಲ್ಲ, ಬಲಗೈಯಲ್ಲಿ ಉಣ್ಣುವಾಗ ಅನ್ನವೆಲ್ಲ ಚೆಲ್ಲುತ್ತಿತ್ತು. ಕೊನೆಗೆ ಉಣ್ಣುವುದು, ಪ್ರಸಾದ ತಗೊಳ್ಳುವುದು ಬಲಗೈಗೆ ಬಂತು. ಉಳಿದ ಕೆಲಸವೆಲ್ಲ ಎಡಗೈಯಲ್ಲೇ ಉಳಿಯಿತು.

ಆಕೆಯನ್ನು ತಾಂಡೂರಿಗೆ ಕೊಟ್ಟರು. ಮಗಳೊಬ್ಬಳು ಹುಟ್ಟಿದಳು. ಮೂರು ವರ್ಷ ದಾಟಿದರೂ ಕೂಸು ಮಾತಾಡಲಿಲ್ಲ. ಜಹೀರಾಬಾದಿಗೆ ವಾರಕ್ಕೊಮ್ಮೆ ಬರುತ್ತಿದ್ದ ಒಬ್ಬ ಡಾಕ್ಟರಿಗೆ ತೋರಿಸಲೆಂದು ಆಕೆ ನಮ್ಮ ಮನೆಗೆ ಬಂದಳು. ಬಂದ ಮರುದಿನವೇ ಮುಷ್ಕರ ಶುರುವಾಯಿತು. ಬಸ್ಸು ನಿಂತವು, ಸಾಲೆ ಮುಚ್ಚಿದವು, ರೈಲೂ ಬರದಾದವು, ಡಾಕ್ಟರೂ ಬರಲಿಲ್ಲ. ನನ್ನ ಗಂಡ ಡಿಪೋದ ಮುಂದಿನ ಟೆಂಟಿನಲ್ಲಿ ಕೂಡತೊಡಗಿದ. ಪ್ರತ್ಯೇಕ ತೆಲಂಗಾಣ ರಾಜ್ಯ ಬರುವ ತನಕ ಏಳುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದ ದಿನಗಳು ಅವು. ತಂಗಿ ನಮ್ಮ ಮನೆಯಲ್ಲೇ ಉಳಿದಳು.

ಒಂದು ಶುಕ್ರವಾರ ಹೆದ್ದಾರಿಯ ಮೇಲೇ ಅಡುಗೆ ಮಾಡಿ ಅಲ್ಲೇ ಉಣ್ಣಬೇಕೆಂದು ನಿಶ್ಚಯವಾಯಿತು. ಹೋರಾಟದಲ್ಲಿ ಅದೊಂದು ರೀತಿ; ದಾರಿ ಬಂದ್ ಮಾಡಿ ಅದರ ಮೇಲೇ ಒಲೆ ಹೂಡುವುದು. ನಮ್ಮ ಓಣಿಯ ಹೆಂಗಸರೆಲ್ಲ ಹೋದೆವು. ಟಾರಿನ ಮೇಲೆ ಕಲ್ಲಿಟ್ಟು ದೊಡ್ಡ ಪಾತ್ರೆಯಲ್ಲಿ ಖಿಚಡಿ ಇಟ್ಟೆವು. ಆದರೆ ಉಪವಾಸದವರು ಕಥೆ ಕೇಳದೆ ಉಣ್ಣುವಂತಿರಲಿಲ್ಲ.

“ಇಲ್ಲೇ ಹೇಳಿಬಿಡ್ರಿ,” ಅಂದಳು ಒಬ್ಬಳು. “ದೇವಿ ಬ್ಯಾಡ ಅಂತಾಳೇನು?”

“ಬಸ್ಸೇ ಇಲ್ಲ, ಲಕ್ಷ್ಮಿ ಹ್ಯಾಂಗ ಬರ್ತಾಳ್ರಿ?” ಅಂದಳು ಇನ್ನೊಬ್ಬಳು.

“ನಡಕೊಂಡ ಬರ್ತಾಳ. ಆಕಿನೂ ನಮ್ಮ ತೆಲಂಗಾಣದಾಕಿನೇ!”

ಒಂದು ಡಬ್ಬಿಯ ಮರೆಯಲ್ಲಿ ದೀಪ ಹಚ್ಚಿದರು, ಕಾಳು ಹಂಚಿದರು. ಅಷ್ಟರಲ್ಲಿ ತಂಗಿ ಟೆಂಟಿನ ಗಂಡಸರಿಗೆ ಖಿಚಡಿ ಬಡಿಸುತ್ತಿದ್ದಳು. ಸೌಟು ಎಡಗೈಯಲ್ಲಿತ್ತು. ನಮ್ಮ ಓಣಿಯ ಬಾಯಿಬಡಕಿಯೊಬ್ಬಳು ಕೂಗಿದಳು: “ಏ ಯವ್ವಾ, ನಿನ್ನ ತಂಗಿ ಎಡಗೈಲೆ ಬಡಸ್ತಾಳಲ್ಲ! ಇರಲಿ ಬಿಡು, ಆ ಶಾಪ ಸರ್ಕಾರಕ್ಕ ತಟ್ಟಲಿ!” ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ಬಡಿಸಿ ಬಂದು, ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಕಾಳು ಹಿಡಿದಳು.

ನಾನು ಶುರು ಮಾಡಿದೆ. ಆದರೆ ರಸ್ತೆಯ ಮೇಲೆ ಕಥೆ ಹೇಳುವುದು ಮನೆಯಲ್ಲಿ ಹೇಳಿದಂತಲ್ಲ. ಆ ಕಡೆ ಡೋಲು, ಈ ಕಡೆ ಘೋಷಣೆ, ಮಕ್ಕಳ ಗಲಾಟೆ. ಯಾರ ಮುಖವೂ ನನ್ನ ಕಡೆ ಇರಲಿಲ್ಲ, ಹೂಂ ಅನ್ನುವ ದನಿಯೂ ಕೇಳುತ್ತಿರಲಿಲ್ಲ. ನಾಲ್ಕು ಮಂದಿ ನನ್ನ ಮಾತು ಕೇಳುವುದು ಅದೊಂದು ಹೊತ್ತಿನಲ್ಲಿ ಮಾತ್ರ. ಅದೂ ಕೈ ಬಿಟ್ಟು ಹೋಗುತ್ತಿದೆ ಅನ್ನಿಸಿತು. ಈಗಷ್ಟೇ ಅವರು ನಕ್ಕಿದ್ದು ನೆನಪಿತ್ತು. ಬಾಯಿಂದ ಬಂದುಬಿಟ್ಟಿತು: “ಆ ಸಣ್ಣ ಸೊಸಿ ಎಡಚಿ ಇದ್ಳು. ಒಲಿ ಹಚ್ಚೋದು ಎಡಗೈಲೆ, ಬಡಸೋದು ಎಡಗೈಲೆ, ದೇವಿ ಕಾಳು ಕೊಟ್ರ ಅದನ್ನೂ ಎಡಗೈಲೆ ಹಿಡದ್ಳು.”

ನಗು ಹೋ ಎಂದು ಎದ್ದಿತು. ಮುಖಗಳೆಲ್ಲ ನನ್ನ ಕಡೆ ತಿರುಗಿದವು. ನನಗೆ ಹುರುಪು ಬಂತು. ತಂಗಿ ಸೆರಗು ಹೊದೆಯುವ ರೀತಿ, ಸೌಟು ಬಡಿಯುವ ರೀತಿ, ಬೈದರೆ ತಲೆ ಒಂದು ಕಡೆ ವಾಲಿಸಿ ನಿಲ್ಲುವ ರೀತಿ, ಎಲ್ಲವನ್ನೂ ಸೊಸೆಗೆ ಹಾಕುತ್ತ ಹೋದೆ. ಟಿವಿ ನೋಡಲು ಹೋಗುತ್ತಿದ್ದ ಸೊಸೆ ಬರೀ ಬೊಂಬೆಯಾಗಿದ್ದಳು. ಈಗ ಆಕೆಗೆ ಜೀವ ಬಂದಿತ್ತು. ಜೀವ ಯಾರದು ಎಂದು ನಾನು ಯೋಚಿಸಲಿಲ್ಲ. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆ ಎನ್ನುವುದೂ ನೆನಪಾಗಲಿಲ್ಲ. ನೂರು ಸಲ ಹೇಳಿದ ಕಥೆ ಅದು!

“ಆಕಿ ಎದ್ದು ಹೋದ್ಳು. ತಿರಗಿ ಬಂದು ನೋಡ್ತಾಳ, ಕೂಸಿನ ದನಿ ಹೋಗ್ಯದ,” ಅಂದೆ.

ನಗು ನಿಂತಿತು. ಮುಖಗಳು ನನ್ನನ್ನು ಬಿಟ್ಟು ತಂಗಿಯ ತೊಡೆಯ ಮೇಲಿದ್ದ ಕೂಸಿನ ಕಡೆ ತಿರುಗಿದವು. ತಂಗಿ ತಲೆ ಒಂದು ಕಡೆ ವಾಲಿಸಿ ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಪೊಲೀಸರ ಜೀಪು ಬಂತು, ಸೀಟಿ ಊದಿದರು. ಎಲ್ಲರೂ ಧಡಪಡಿಸಿ ಎದ್ದರು. ಯಾರೋ ಪಾತ್ರೆ ಎತ್ತಿದರು, ದೀಪ ಆರಿತು. ಆ ಜೀಪು ಬರದಿದ್ದರೆ ನಾನು ಕಥೆ ಮುಗಿಸುತ್ತಿದ್ದೆನೇ? ಜೀಪನ್ನು ಕಂಡಾಗ ನನಗೆ ಹೆದರಿಕೆಯ ಜೊತೆಗೆ ಸಮಾಧಾನವೂ ಆಯಿತು ಎನ್ನುವುದನ್ನು ಯಾರಿಗೂ ಹೇಳಿಲ್ಲ.

ಮರುದಿನ ಒಂದು ಜೀಪು ತಾಂಡೂರಿನ ಕಡೆ ಹೋಗುವುದಿತ್ತು, ತಂಗಿ ಹೊರಟಳು. ಜಗಳವಾಡಲಿಲ್ಲ. ಸೆರಗಿನ ತುದಿಯಲ್ಲಿ ಒಂದು ಸಣ್ಣ ಗಂಟಿತ್ತು. ಕಾಳಿನ ಗಂಟು ಎಂದು ನನಗೆ ಗೊತ್ತಾಯಿತು. ಆಕೆಯನ್ನು ಕೂಡಿಸಿಕೊಂಡು ಉಳಿದ ಕಥೆಯನ್ನು ಹೇಳಬೇಕಿತ್ತು. “ಹುಷಾರಲೆ ಹೋಗು,” ಅಂದೆ, ಅಷ್ಟೇ. ಓಣಿಯ ಹೆಂಗಸರು ನಲ್ಲಿಯ ಹತ್ತಿರ, “ಮುಂದ ಏನಾತ್ರಿ?” ಅಂದಾಗ ಅವರಿಗೆ ಕೊಡ ತುಂಬುವಷ್ಟರಲ್ಲಿ ಕೊನೆ ಹೇಳಿ ಮುಗಿಸಿದೆ. ತಂಗಿಗೆ ಹೇಳಲಿಲ್ಲ. ಫೋನ್ ಇತ್ತು. ಫೋನಿನಲ್ಲಿ ಮಳೆಯ ಬಗ್ಗೆ ಮಾತಾಡಿದೆವು.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೊನೆಯಲ್ಲಿ ಸೊಸೆ ಕಾಲಿಗೆ ಬೀಳುತ್ತಾಳೆ. ತಂಗಿಗೆ ಅದನ್ನು ಹೇಳುವುದೆಂದರೆ ಆಕೆಯನ್ನೇ ಕಾಲಿಗೆ ಬೀಳಿಸಿದಂತೆ. ಬೇಡ ಅನ್ನಿಸಿತು. ಇದು ಖರೆಯ ಕಾರಣವೋ, ಈಗ ಬರೆಯುವಾಗ ಹೊಳೆದದ್ದೋ ಗೊತ್ತಿಲ್ಲ.

ಖರೆ ಇದ್ದಿದ್ದರೆ ನಾರಾಯಣಖೇಡದಲ್ಲಿ ನಾನು ಹಾಗೆ ಮಾಡುತ್ತಿರಲಿಲ್ಲ. ಮುಂದಿನ ವರ್ಷ ಅಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು, ಶುಕ್ರವಾರ. ಮನೆ ತುಂಬ ಒಕ್ಕಲುತನದ ಹೆಂಗಸರು. ನಾನು ಕೂತೊಡನೆ ಒಬ್ಬಳು, “ಆ ಎಡಗೈ ಸೊಸೀದು ಹೇಳ್ರಿ,” ಅಂದಳು. ನಾನು ಬರುವ ಮೊದಲೇ ಆ ಸೊಸೆ ಅಲ್ಲಿಗೆ ಬಂದು ಕೂತಿದ್ದಳು! ಇಲ್ಲ, ಅಜ್ಜಿಯ ಹಕ್ಕಿಯ ಕಥೆ ಹೇಳುತ್ತೇನೆ ಅನ್ನಬಹುದಿತ್ತು. ಆ ಹೆಂಗಸರಿಗೆ ಹಕ್ಕಿ ಗೊತ್ತು, ಕವಣೆ ಗೊತ್ತು. ಆದರೆ ಎಡಗೈ ಸೊಸೆಗೆ ಅವರು ಹೂಂ ಅನ್ನುವ ರೀತಿಯೇ ಬೇರೆ ಇತ್ತು. ಹೇಳಿದೆ. ಹೇಳುತ್ತ ಹೇಳುತ್ತ ಕೊನೆಗೆ ಬಂದಾಗ ಬರೀ ಕಾಲಿಗೆ ಬೀಳುವುದು ಸಾಲದು ಅನ್ನಿಸಿತು. “ಆಕಿ ತನ್ನ ಸೀರಿ ಹರದು ಎಡಗೈ ಸೊಂಟಕ್ಕ ಕಟಗೊಂಡ್ಳು. ಈ ಕೈಲೆ ನಿನ್ನ ಕಾಳು ಹಿಡದಿದ್ದೆ ತಾಯಿ, ಇನ್ನ ಇದು ಬ್ಯಾಡ ಅಂದ್ಳು,” ಎಂದು ಸೇರಿಸಿದೆ.

ಹೆಂಗಸರು ಅತ್ತರು. ನಾನೂ ಅತ್ತೆ. ಎಂಥ ಛಲೋ ಕೊನೆ ಸಿಕ್ಕಿತು ಎಂದು ಒಳಗೊಳಗೇ ಖುಷಿಯೂ ಆಯಿತು. ಅವ್ವ ಕಟ್ಟುತ್ತಿದ್ದ ಸೀರೆಯ ತುಂಡು ಅದು ಎನ್ನುವುದು ಮನೆಗೆ ಬಂದು ಕಾಲು ತೊಳೆಯುವಾಗ ನೆನಪಾಯಿತು.

ತಂಗಿಯ ಅತ್ತೆಯ ತವರೂ ನಾರಾಯಣಖೇಡದ ಪಕ್ಕದ ಕಲ್ಹೇರಿನ ಕಡೆಯದೇ. ಮಾತು ತಾಂಡೂರು ಮುಟ್ಟಿತು. ಸ್ವಲ್ಪ ದಿನಕ್ಕೆ ಆ ಅತ್ತೆಯೇ ಫೋನ್ ಮಾಡಿದಳು: “ನೋಡವ್ವ, ನಿನ್ನ ತಂಗಿ ಶುಕ್ರವಾರ ಬಂದ್ರ ಒಂದು ತುತ್ತು ಮುಟ್ಟಲ್ಲ. ದೀಪ ಹಚ್ಚಿದ ಮ್ಯಾಲೂ ಉಣ್ಣಲ್ಲ. ಕೇಳಿದ್ರ ಕಥಿ ಮುಗದಿಲ್ಲ ಅಂತಾಳ. ಜಹೀರಾಬಾದಿಂದ ಬಂದಾಗಿಂದ ಹಿಂಗೇ. ದಿನದಿನಕ್ಕ ಸೊರಗ್ಯಾಳ. ನೀ ಏನ್ ಕಥಿ ಹೇಳಿದೆವ್ವ ಆಕಿಗೆ?”

ಆಗಲೇ ಹೋಗಬೇಕಿತ್ತು. ಬಂದ್ ಇದೆ, ರೈಲಿಲ್ಲ, ಗಂಡನಿಗೆ ಪುರಸತ್ತಿಲ್ಲ ಎಂದು ನೆಪ ಹೇಳುತ್ತ ಹೋದೆ. ಆ ವರ್ಷಗಳಲ್ಲಿ ನೆಪಕ್ಕೇನೂ ಕೊರತೆ ಇರಲಿಲ್ಲ. ರಾಜ್ಯ ಬಂತು. ನಮ್ಮ ಓಣಿಯಲ್ಲಿ ಪಟಾಕಿ ಹಾರಿಸಿ, ಒಬ್ಬರ ಬಾಯಿಗೊಬ್ಬರು ಪೇಢೆ ಇಟ್ಟರು. ಬಂದ್ ಅನ್ನುವ ನೆಪವೂ ಮುಗಿಯಿತು. ಆ ಮಳೆಗಾಲದ ಒಂದು ಶುಕ್ರವಾರ ರೈಲು ಹತ್ತಿದೆ. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ, ಧಾರೂರು ದಾಟುವಾಗ ಕಿಟಕಿಯಾಚೆ ಹೊಲದಲ್ಲಿ ಯಾರೋ ಹಕ್ಕಿ ಓಡಿಸುತ್ತಿರುವುದು ಕಂಡಂತಾಯಿತು. ಅದು ತೆನೆಯ ಕಾಲವೇ ಅಲ್ಲ. ಏನನ್ನು ಕಂಡೆನೋ ತಿಳಿಯದು.

ತಂಗಿಯ ಮನೆಯ ಅಂಗಳಕ್ಕೆ ತಾಂಡೂರಿನ ನೀಲಿ ಕಲ್ಲು ಹಾಸಿದ್ದಾರೆ. ಅತ್ತೆ ಬಾಗಿಲಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಒಳಗೆ ತಂಗಿ ರೊಟ್ಟಿ ಬಡಿಯುತ್ತಿದ್ದಳು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

“ಈಗ ಹಾದಿ ಸಿಕ್ತೇನು ನಿನಗ?” ಅಂದಳು, ತಿರುಗದೆ.

ಅಷ್ಟರಲ್ಲಿ ಆಕೆಯ ಮಗಳು ಹೊರಗಿನಿಂದ ಓಡಿಬಂದಳು. “ಅವ್ವಾ, ಇವರು ಯಾರು? ಎಲ್ಲಿಂದ ಬಂದಾರ? ಬ್ಯಾಗಿನ್ಯಾಗ ಏನದ?” ನಾನು ದಂಗಾದೆ. ಮಾತು ಬಂದದ್ದು ಫೋನಿನಲ್ಲಿ ಕೇಳಿದ್ದೆ, ಆದರೆ ಹೀಗೆ ಸುರಿಯುತ್ತದೆ ಎಂದುಕೊಂಡಿರಲಿಲ್ಲ. ಕಥೆ ಮುಗಿದಿರಲಿಲ್ಲ, ಯಾರೂ ಕಾಲಿಗೆ ಬಿದ್ದಿರಲಿಲ್ಲ, ಕೂಸಿಗೆ ತಾನಾಗಿಯೇ ಮಾತು ಬಂದಿತ್ತು. ಹಾಗಾದರೆ ಉಪವಾಸ ಯಾತಕ್ಕೆ?

“ಆ ಕಾಳು?” ಎಂದು ಕೇಳಿದೆ.

“ಯಾವ ಕಾಳು? ಅವತ್ತೇ ಕೋಳಿಗಿ ಹಾಕ್ದೆ.”

“ಸುಳ್ಳು ಹೇಳ್ತಾಳ,” ಅಂದಳು ಅತ್ತೆ ಹೊರಗಿನಿಂದ. “ದೇವರ ಗೂಡಿನ್ಯಾಗ ಇಟ್ಟಾಳ.”

ನಾನು ಎದ್ದು ಹೋಗಿ ನೋಡಲಿಲ್ಲ. ನೋಡಿದ್ದರೆ ಒಂದಾದರೂ ಗೊತ್ತಾಗುತ್ತಿತ್ತು.

“ಕೊನೆ ನಿನಗ ಗೊತ್ತಾಗ್ಯದಲ್ಲ, ನಾರಾಯಣಖೇಡದಿಂದ ಬಂದವರು ಹೇಳ್ಯಾರಲ್ಲ,” ಅಂದೆ.

“ಕೈ ಕಟಗೊಂಡ್ಳಂತ. ಕೇಳೀನಿ. ಅದು ನೀ ಅವರಿಗಿ ಹೇಳಿದ್ದು. ನನಗೆಲ್ಲಿ ಹೇಳಿದಿ?”

ಒಲೆಯ ಪಕ್ಕ ಕೂತು, ರಸ್ತೆಯ ಮೇಲೆ ಬಿಟ್ಟ ಜಾಗದಿಂದ ಶುರು ಮಾಡಿದೆ. ಕೂಸಿನ ದನಿ ಹೋಗಿದೆ, ಸೊಸೆ ಹೊರಟಿದ್ದಾಳೆ. ತಂಗಿ ಹೂಂ ಅನ್ನಲಿಲ್ಲ. ನಾನು ನಿಂತೆ. ಆಕೆಯ ಕೈಯೂ ನಿಂತಿತು. ನಾನು ಮತ್ತೆ ಹೇಳತೊಡಗಿದಾಗ ಎಡಗೈ ಹಿಟ್ಟಿನ ಮೇಲೆ ಬಡಿಯತೊಡಗಿತು. ಅದನ್ನೇ ಹೂಂ ಎಂದುಕೊಂಡು ಮುಂದೆ ಹೋದೆ. ಊರೂರು ಅಲೆದಳು, ಮುದುಕಿಯನ್ನು ಕಂಡಳು. ಮುದುಕಿಯ ಮೈಮೇಲೆ ಒಡವೆ ಇರಲಿಲ್ಲ. ಯಾಕೋ ಅಜ್ಜಿಯ ಮುದುಕಿಯೇ ಬಂದಿದ್ದಳು. “ನನ್ನ ಕಥಿ ನಡುವ ಬಿಟ್ಟು ಹೋದಾಕಿ ಯಾರು?” ಎಂದು ಕೇಳಿದಳು.

ಕಥೆ ನಡುವೆ ಬಿಟ್ಟು ಹೋದವಳು ಸೊಸೆಯಲ್ಲ, ನಾನು. ಸೊಸೆಯನ್ನು ಕಾಲಿಗೆ ಬೀಳಿಸಲು ಆಗಲಿಲ್ಲ. ಬೀಳಿಸದಿದ್ದರೆ ಮುಂದೆ ಏನೆಂದು ಗೊತ್ತಿರಲಿಲ್ಲ. ತವೆಯ ಮೇಲಿನ ರೊಟ್ಟಿಯನ್ನೇ ನೋಡುತ್ತ ಕೂತೆ.

“ಯಾಕ, ಮರತಿ?” ಅಂದಳು ತಂಗಿ. “ಸೊಸಿ ಅಂದ್ಳು, ಹೊಲಕ್ಕ ಹಕ್ಕಿ ಬಿದ್ದಿದ್ವು, ಓಡಸಾಕ ಹೋಗಿದ್ದೆ. ಅಷ್ಟೇ ಅಂದ್ಳು. ಅಜ್ಜಿ ಹೇಳಿದ್ದು ಹಕ್ಕೀದೇ ಅಲ್ಲೇನು?”

“ಅದಕ್ಕ ಮುದಕಿ ಏನಂದ್ಳು?”

“ನನಗೇನ್ ಗೊತ್ತು? ಹೇಳಾಕಿ ನೀನು. ರೊಟ್ಟಿ ಹೊತ್ತತದ, ಹೊಳ್ಳಿ ಹಾಕು.”

ನಾನು ರೊಟ್ಟಿಯನ್ನು ತಿರುವಿ ಹಾಕಿದೆ. ಒಂದು ಕಡೆ ಕರ್ರಗಾಗಿತ್ತು. ಮುದುಕಿ ಏನಂದಳು ಎಂದು ಹುಡುಕುತ್ತಿದ್ದೆ. ತಪ್ಪಿಲ್ಲ ಬಿಡು ಅಂದಳೇ? ಹಕ್ಕಿ ಹೋದವೇ ಎಂದು ಕೇಳಿದಳೇ? ಯಾವುದೂ ಆಕೆಯ ಬಾಯಿಗೆ ಹೊಂದಲಿಲ್ಲ. ತಂಗಿ ಆ ಹೊತ್ತಿದ ರೊಟ್ಟಿಯನ್ನೇ ತೆಗೆದು, ಹಿಟ್ಟು ಮೆತ್ತಿದ ಎಡಗೈಯಿಂದ ಮುರಿದು, ಅದೇ ಕೈಯಿಂದ ಬಾಯಿಗೆ ಹಾಕಿಕೊಂಡಳು.

ಬಾಗಿಲಲ್ಲಿ ಅತ್ತೆಯ ಮೊರ ನಿಂತಿತು.

ತಂಗಿ ಅಗಿಯುತ್ತಿದ್ದಳು. ನನ್ನನ್ನು ಕ್ಷಮಿಸಿದಳೋ, ಮುದುಕಿಯ ಮೇಲಿನ ನಂಬಿಕೆಯನ್ನೇ ಬಿಟ್ಟಳೋ, ಬರೀ ಹಸಿವಾಗಿತ್ತೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಉಳಿದ ಅರ್ಧವನ್ನು ನನ್ನ ಕಡೆ ಚಾಚಿದಳು. ನನ್ನದೂ ಉಪವಾಸವಿತ್ತು, ಕಥೆಯೂ ಮುಗಿದಿರಲಿಲ್ಲ. ತಗೊಂಡೆ.